ದೆವ್ವವಾಗಿ ಬಂದಳು, ಆಮೇಲೆ ಹೆಣ್ಣಾಗಿ

ಕನ್ನಡ ಚಿತ್ರರಂಗದ ಇತಿಹಾಸ ಬರೆಯುವವರು ‘ಕಲ್ಪನ’ ಎಂಬ ಹೆಸರಿಗೆ ಬಂದಾಗ ಮಿನುಗುತಾರೆ ಎನಿಸಿಕೊಂಡ ನಟಿಯನ್ನು ನೆನೆಯುತ್ತಾರೆ. ಅದೇ ಹೆಸರಿನಲ್ಲಿ 2012ರಲ್ಲಿ ಬಂದ ದೆವ್ವದ ಸಿನಿಮಾವನ್ನು ಮಾತ್ರ ಸಾಮಾನ್ಯವಾಗಿ ದಾಟಿ ಮುಂದೆ ಹೋಗುತ್ತಾರೆ. ಅದಕ್ಕೆ ಕಾರಣಗಳೂ ಇವೆ. ಅದು ರೀಮೇಕ್. ರಾಮನಾರಾಯಣನ್ ನಿರ್ದೇಶನದ, ಉಪೇಂದ್ರ ನಾಯಕನಾಗಿದ್ದ, ಅರ್ಧ ನಗಿಸಿ ಅರ್ಧ ಹೆದರಿಸುವ ಚಿತ್ರ. ಅಬ್ಬರ ಹೆಚ್ಚು, ನಯ ಕಡಿಮೆ. ಆದರೆ ಆ ಚಿತ್ರದಲ್ಲಿ ಒಬ್ಬ ಮಂಗಳಮುಖಿ ಸತ್ತು ದೆವ್ವವಾಗಿ ಬಂದು ನ್ಯಾಯ ಕೇಳುತ್ತಾಳೆ, ಕೇಳಿ ಪಡೆಯುತ್ತಾಳೆ. ಕನ್ನಡದ ದೊಡ್ಡ ವ್ಯಾಪಾರಿ ಚಿತ್ರವೊಂದು ಅಂಥವಳ ಬದುಕಿಗೆ ಒಂದು ಕಥೆ ಕೊಟ್ಟಿತು, ಆ ಕಥೆ ಕೇಳುವಾಗ ನಗಬೇಡಿ ಎಂದಿತು. ಅದಾಗಿ ಮೂರೇ ವರ್ಷಕ್ಕೆ ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ... ಅವಳು’ ಬಂತು. ಅದರಲ್ಲಿ ಅವಳು ಬದುಕಿದ್ದಳು. ಈ ಎರಡರಲ್ಲಿ ಒಂದಕ್ಕೆ ರಾಷ್ಟ್ರಪ್ರಶಸ್ತಿ, ಇನ್ನೊಂದಕ್ಕೆ ವಿಮರ್ಶಕರ ಮೌನ ಸಿಕ್ಕಿತು. ಎರಡನ್ನೂ ಜೊತೆಗಿಟ್ಟು ನೋಡದೆ ಈ ಚರಿತ್ರೆ ಅರ್ಥವಾಗುವುದಿಲ್ಲ.

ಈ ಮಾತನ್ನು ಚಿತ್ರದುರ್ಗ ಜಿಲ್ಲೆಯಿಂದಲೇ ಶುರುಮಾಡಬೇಕು. ಎಲ್ಲೆ ದಾಟಿದ ಪ್ರೀತಿಗೆ ಕನ್ನಡ ಸಿನಿಮಾ ಮರೆಯಲಾಗದ ಶಿಕ್ಷೆ ಕೊಟ್ಟದ್ದು ದುರ್ಗದ ಬಂಡೆಗಳ ಮೇಲೆಯೇ. ಪುಟ್ಟಣ್ಣ ಕಣಗಾಲ್ 1972ರಲ್ಲಿ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ‘ನಾಗರಹಾವು’ ಮಾಡಿದರು. ತ.ರಾ.ಸು. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದವರು. ಚಿತ್ರೀಕರಣ ನಡೆದದ್ದು ಕೋಟೆಯಲ್ಲಿ. ಒನಕೆ ಹಿಡಿದ ಓಬವ್ವನಾಗಿ ಜಯಂತಿ ಕಾಣಿಸಿಕೊಂಡ ಮೇಲೆ ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಜನಕ್ಕೆ ಅದು ಮನೆಯ ಸಿನಿಮಾ ಆಯಿತು. ಬ್ರಾಹ್ಮಣರ ಹುಡುಗ ರಾಮಾಚಾರಿ, ಕ್ರೈಸ್ತರ ಹುಡುಗಿ ಮಾರ್ಗರೆಟ್. ಊರು ಒಪ್ಪಲಿಲ್ಲ, ರಾಮಾಚಾರಿಯ ಗುರು ಚಾಮಯ್ಯ ಮೇಷ್ಟ್ರೂ ಒಪ್ಪಲಿಲ್ಲ. ಕೊನೆಗೆ ಮೇಷ್ಟ್ರು ಬೆಟ್ಟದಿಂದ ಬಿದ್ದರು, ಅವರ ಹಿಂದೆ ಪ್ರೇಮಿಗಳೂ ಹಾರಿದರು. ಜಾತಿ ಧರ್ಮ ಮೀರಿದ ಗಂಡು ಹೆಣ್ಣಿನ ಪ್ರೀತಿಗೇ ಬೆಟ್ಟದ ಅಂಚು ಬಿಟ್ಟರೆ ಜಾಗವಿರಲಿಲ್ಲ. ಗಂಡು ಹೆಣ್ಣೆಂಬ ಗೆರೆಯನ್ನೇ ದಾಟಿದವರಿಗೆ ಆ ತೆರೆಯ ಮೇಲೆ ಜಾಗ ಎಲ್ಲಿಂದ ಬರಬೇಕು?

ಅದಕ್ಕೆ ಒಂದು ವರ್ಷ ಮುಂಚೆ ಇದೇ ಪುಟ್ಟಣ್ಣ ತ್ರಿವೇಣಿಯವರ ಕಾದಂಬರಿಯಿಂದ ‘ಶರಪಂಜರ’ ಮಾಡಿದ್ದರು. ಅದು ದೆವ್ವದ ಚಿತ್ರವಲ್ಲ. ಆದರೂ ಕಾವೇರಿಯಾಗಿ ಕಲ್ಪನಾ ಬುದ್ಧಿ ಕಳೆದುಕೊಳ್ಳುವ ದೃಶ್ಯಗಳಲ್ಲಿ ಕನ್ನಡದ ಮುಂದಿನ ದೆವ್ವದ ಚಿತ್ರಗಳ ಬೇರು ಇದೆ ಎಂದು ನನಗೆ ಅನಿಸುತ್ತದೆ. ಮನೆಯವರು ಕೇಳಿಸಿಕೊಳ್ಳದ ಮಾತು ಹೆಂಗಸಿನ ಮೈಯಲ್ಲಿ ಕಾಯಿಲೆಯಾಗಿ ಏಳುತ್ತದೆ. ಕಾಯಿಲೆಯಾಗಿ ಎದ್ದಾಗಲೂ ಮನೆಯವರು ಕೇಳಿಸಿಕೊಳ್ಳುವುದಿಲ್ಲ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಹೆಣ್ಣು ದೆವ್ವವೇ ಬಂದು ಅನಂತನಾಗ್ ಅವರನ್ನು ಕಾಡಿತು, ರಾಘವೇಂದ್ರ ಸ್ವಾಮಿಗಳ ಮೊರೆಹೋಗಿ ಸಂಸಾರ ಉಳಿಯಿತು. 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿ ಸೌಂದರ್ಯ ಅವರ ಮೈಮೇಲೆ ಬಂದಳು. ಆಗ ಗುಣಪಡಿಸಲು ಮನೋವೈದ್ಯ ಬಂದ. ಆ ವೈದ್ಯನ ಪಾತ್ರ ಮಾಡಿದವರು ಮೂವತ್ತೆರಡು ವರ್ಷ ಹಿಂದೆ ದುರ್ಗದ ಬಂಡೆಯ ಮೇಲೆ ರಾಮಾಚಾರಿಯಾಗಿದ್ದ ವಿಷ್ಣುವರ್ಧನ್. ಮಠವೋ ಆಸ್ಪತ್ರೆಯೋ, ಬಂದವಳನ್ನು ಕಳಿಸಿಬಿಡುವುದೇ ಎಲ್ಲ ಚಿತ್ರಗಳ ಗುರಿ. ಅವಳಿಗೆ ಏನು ಬೇಕಿತ್ತು ಎಂಬುದು ಎರಡನೆಯ ಮಾತು.

ಈ ಚಿತ್ರಗಳನ್ನು ನೋಡಿದ ಊರುಗಳಲ್ಲಿ ಧರ್ಮಪುರವೂ ಒಂದು. ಹಿರಿಯೂರು ತಾಲ್ಲೂಕಿನ ಈ ಹೋಬಳಿ ಆಂಧ್ರದ ಗಡಿಗೆ ಅಂಟಿಕೊಂಡಿದೆ. ಗಡಿ ದಾಟಿದರೆ ನೊಳಂಬ ಪಲ್ಲವರು ಆಳಿದ ಹೆಂಜೇರು, ಇವತ್ತಿನ ಹೇಮಾವತಿ. ಧರ್ಮಪುರದ್ದು ದೊಡ್ಡ ಕೆರೆ, ಆದರೂ ನೀರಿಗಾಗಿ ವರ್ಷಗಟ್ಟಲೆ ಕಾದ ಊರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ ತೆಲುಗು ಎರಡೂ. ಇಂಥ ಸೀಮೆಗೆ ಸಿನಿಮಾ ಮೊದಲು ಟೂರಿಂಗ್ ಟಾಕೀಸಿನಲ್ಲಿ ಬಂತು, ಆಮೇಲೆ ಹಿರಿಯೂರು, ಶಿರಾದ ಟಾಕೀಸುಗಳಿಗೆ ಬಸ್ಸು ಹತ್ತಿಸಿತು, ಕೊನೆಗೆ ಟಿ.ವಿ.ಯಲ್ಲಿ, ಮೊಬೈಲಿನ ಮೆಮೊರಿ ಕಾರ್ಡಿನಲ್ಲಿ ಬಂತು. ವಿಮರ್ಶೆ ಮಾತ್ರ ಇಲ್ಲಿಗೆ ಬರುವುದು ತಡ. ಬೆಂಗಳೂರಿನ ಪತ್ರಿಕೆ ಯಾವ ಚಿತ್ರಕ್ಕೆ ಎಷ್ಟು ನಕ್ಷತ್ರ ಕೊಟ್ಟಿತು ಎಂದು ನೋಡಿ ಇಲ್ಲಿ ಯಾರೂ ದೆವ್ವದ ಸಿನಿಮಾಕ್ಕೆ ಹೋಗುವುದಿಲ್ಲ.

ಈ ಪ್ರೇಕ್ಷಕರಿಗೆ ಸೀರೆ ಉಟ್ಟ ಗಂಡಸು ಹೊಸಬನಲ್ಲ ಎಂಬುದನ್ನು ಮರೆಯಬಾರದು. ಬಯಲಾಟದಲ್ಲಿ ದ್ರೌಪದಿ, ಸುಭದ್ರೆ, ಸತ್ಯಭಾಮೆ ಎಲ್ಲರೂ ಊರಿನ ಗಂಡುಮಕ್ಕಳೇ. ಹೊತ್ತು ಮುಳುಗುವವರೆಗೆ ಹೊಲದಲ್ಲಿದ್ದವನು ರಾತ್ರಿ ಬಣ್ಣ ಹಚ್ಚಿ, ಕುಪ್ಪಸ ತೊಟ್ಟು, ದನಿ ಬದಲಿಸಿ ಅತ್ತರೆ ಹೆಂಗಸರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಬೆಳಗಾದರೆ ಅವನು ಮತ್ತೆ ಗಂಡಸು, ಯಾರಿಗೂ ಗೊಂದಲವಿಲ್ಲ. ಜಾತ್ರೆಯಲ್ಲಿ ಗಂಡಸಿನ ಮೈಮೇಲೆ ದೇವಿ ಬರುವುದೂ ಹಾಗೆಯೇ. ಅಷ್ಟು ಹೊತ್ತು ಅವನನ್ನು ಎಲ್ಲರೂ ‘ಅಮ್ಮ’ ಎಂದೇ ಕರೆದು ಕಾಲಿಗೆ ಬೀಳುತ್ತಾರೆ. ಎಲ್ಲಮ್ಮ ದುರ್ಗದಲ್ಲಿ ಉಚ್ಚಂಗಿ ಎಲ್ಲಮ್ಮನಾಗಿ ನೆಲೆಸಿದ್ದಾಳೆ. ಬಳ್ಳಾರಿ, ಹೊಸಪೇಟೆ, ಸವದತ್ತಿ ಕಡೆ ಅವಳ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟ ಜೋಗಪ್ಪಗಳು ಕೊಡ ಹೊತ್ತು, ಚೌಡಿಕೆ ಮೀಟಿ ಹಾಡುತ್ತಾ ಬಂದರೆ ಮನೆಯವರು ಅಕ್ಕಿ ಹಾಕಿ ಕೈಮುಗಿಯುತ್ತಾರೆ. ಒಂದು ರಾತ್ರಿಗೆ, ಒಂದು ಆಟಕ್ಕೆ, ಒಂದು ಜಾತ್ರೆಗೆ ಎಲ್ಲದಕ್ಕೂ ಒಪ್ಪಿಗೆ ಇತ್ತು. ಬೆಳಗಾದ ಮೇಲೂ ನಾನು ಹೆಣ್ಣೇ ಎಂದು ಮನೆಯ ಮಗ ಹೇಳಿದಾಗ ಮಾತ್ರ ಬಾಗಿಲು ಮುಚ್ಚುತ್ತಿತ್ತು. ಹಾಗೆ ಮನೆಯಿಂದ ಹೊರಬಿದ್ದವರನ್ನೇ ನಾವು ಹೆದ್ದಾರಿಯ ಟೋಲ್‌ಗಳಲ್ಲಿ, ಸಂತೆಗಳಲ್ಲಿ ಚಪ್ಪಾಳೆ ತಟ್ಟಿ ಕಾಸು ಕೇಳುವುದನ್ನು ನೋಡಿದ್ದು.

ಹೀಗೆ ಬೆಳಗಾದ ಮೇಲೂ ಬೇರೆಯಾಗಿಯೇ ಉಳಿದವರನ್ನು ಸಿನಿಮಾ ಎಲ್ಲೆಲ್ಲೂ ಕೆಟ್ಟದಾಗಿಯೇ ತೋರಿಸಿಕೊಂಡು ಬಂದಿತ್ತು. ಹಾಲಿವುಡ್‌ನಲ್ಲಿ 1930ರ ದಶಕದ ಭಯಾನಕ ಚಿತ್ರಗಳಿಗೆ ರೂಪ ಕೊಟ್ಟವರಲ್ಲಿ ಒಬ್ಬ ಜೇಮ್ಸ್ ವೇಲ್. ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಮಾಡಿದ ಈತ ಸ್ವತಃ ಸಲಿಂಗಿ. ಅವನ ರಾಕ್ಷಸ ಸಂಗಾತಿಗಾಗಿ ಹಂಬಲಿಸುವವನು, ಊರು ಪಂಜು ಹಿಡಿದು ಅಟ್ಟುವವನು. ರಾಬಿನ್ ವುಡ್ ಎಂಬ ವಿಮರ್ಶಕ ಮುಂದೆ ಇದನ್ನೇ ಸಿದ್ಧಾಂತವಾಗಿ ಹೇಳಿದ: ಸಮಾಜ ಅದುಮಿಟ್ಟದ್ದೇ ಭೂತವಾಗಿ ತಿರುಗಿ ಬರುತ್ತದೆ. ವೀಟೊ ರುಸ್ಸೊ 1981ರಲ್ಲಿ ‘ದ ಸೆಲ್ಯುಲಾಯ್ಡ್ ಕ್ಲಾಸೆಟ್’ ಬರೆದು, ಅಮೆರಿಕದ ಚಿತ್ರಗಳಲ್ಲಿ ಸಲಿಂಗಿ ಪಾತ್ರಗಳು ಹೇಗೆ ನಗೆಪಾಟಲಾಗಿ ಇಲ್ಲವೇ ಹೆಣವಾಗಿ ಮುಗಿಯುತ್ತವೆ ಎಂದು ಒಂದೊಂದಾಗಿ ತೆರೆದಿಟ್ಟ. ಹಿಂದಿಯಲ್ಲಿ 1991ರ ‘ಸಡಕ್’ ಚಿತ್ರದ ಮಹಾರಾಣಿಯಾಗಿ ಸದಾಶಿವ ಅಮ್ರಾಪುರ್ಕರ್ ನಟನೆ ಅದ್ಭುತವಾಗಿತ್ತು, ಪ್ರಶಸ್ತಿಯೂ ಬಂತು. ಆದರೆ ಆ ಪಾತ್ರ ಹೆಣ್ಣುಗಳನ್ನು ಮಾರುವ ರಾಕ್ಷಸಿಯದು. ಕನ್ನಡದ ಹಾಸ್ಯ ದೃಶ್ಯಗಳಲ್ಲಿ ಸೊಂಟ ಬಳುಕಿಸಿ ಬರುವ ಪಾತ್ರಗಳಿಗೆ ಹೆಸರೂ ಇರುತ್ತಿರಲಿಲ್ಲ.

ಹೀಗಿದ್ದಾಗ 2011ರಲ್ಲಿ ಎರಡು ಸಂಗತಿಗಳು ನಡೆದವು.

ಒಂದು ಬೆಂಗಳೂರಿನಲ್ಲಿ. ಕರ್ನಾಟಕ ಪೊಲೀಸ್ ಕಾಯ್ದೆಗೆ 36-ಎ ಎಂಬ ಕಲಂ ಸೇರಿತು. ಮಕ್ಕಳನ್ನು ಅಪಹರಿಸುತ್ತಾರೆ, ‘ಅಸಹಜ’ ಅಪರಾಧ ಮಾಡುತ್ತಾರೆ ಎಂಬ ಶಂಕೆಯ ಮೇಲೆ ಹಿಜಡಾಗಳ ಹೆಸರು ವಿಳಾಸಗಳ ಪಟ್ಟಿ ಇಡಲು, ಅವರ ಚಟುವಟಿಕೆಗಳಿಗೆ ಕಡಿವಾಣ ಹಾಕಲು ಪೊಲೀಸರಿಗೆ ಅಧಿಕಾರ ಕೊಡುವ ಕಲಂ ಇದು. 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಇದ್ದ ಮಾತುಗಳೇ ಸ್ವತಂತ್ರ ದೇಶದ ರಾಜ್ಯವೊಂದರ ಕಾಯ್ದೆಯಲ್ಲಿ ಮತ್ತೆ ಕೂತವು. ಸಲಿಂಗ ಕಾಮ ಅಪರಾಧವಲ್ಲ ಎಂದು ದೆಹಲಿ ಹೈಕೋರ್ಟ್ 2009ರಲ್ಲಿ ಹೇಳಿ ಎರಡು ವರ್ಷವಾಗಿತ್ತು ಅಷ್ಟೆ. ಸಂಘಟನೆಗಳು ಬೀದಿಗಿಳಿದವು, ಕೋರ್ಟಿಗೆ ಹೋದವು.

ಇನ್ನೊಂದು ಚೆನ್ನೈಯಲ್ಲಿ. ರಾಘವ ಲಾರೆನ್ಸ್ ‘ಕಾಂಚನಾ’ ಎಂಬ ಚಿತ್ರ ಮಾಡಿದರು. ಮನೆಯವರು ಹೊರಹಾಕಿದ ಮಂಗಳಮುಖಿಯೊಬ್ಬಳು ತನ್ನಂಥದೇ ಇನ್ನೊಂದು ಮಗುವನ್ನು ಸಾಕಿ, ಓದಿಸಿ ಡಾಕ್ಟರ್ ಮಾಡುತ್ತಾಳೆ. ಬಡವರಿಗೆ ಆಸ್ಪತ್ರೆ ಕಟ್ಟಲು ಕೂಡಿಟ್ಟ ದುಡ್ಡಿನಲ್ಲಿ ಜಾಗ ಕೊಳ್ಳುತ್ತಾಳೆ. ರಾಜಕಾರಣಿಯೊಬ್ಬ ಜಾಗ ಕಬಳಿಸಿ ಅವಳನ್ನೂ ಅವಳಿಗೆ ಆಸರೆ ಕೊಟ್ಟ ಮುಸ್ಲಿಂ ಮುದುಕನನ್ನೂ ಅವನ ಮಗನನ್ನೂ ಕೊಂದು ಅಲ್ಲೇ ಹೂಳುತ್ತಾನೆ. ಆ ಜಾಗದಲ್ಲಿ ಆಡಲು ಹೋದ ಅಂಜುಬುರುಕ ಯುವಕನ ಮೈಯನ್ನು ಮೂವರೂ ಸೇರುತ್ತಾರೆ. ಇದೇ ಕಥೆ ಮರುವರ್ಷ ಕನ್ನಡಕ್ಕೆ ‘ಕಲ್ಪನ’ವಾಗಿ ಬಂತು. ಯುವಕನಾಗಿ ಉಪೇಂದ್ರ, ಮಂಗಳಮುಖಿಯಾಗಿ ಸಾಯಿಕುಮಾರ್.

ಈ ಆಯ್ಕೆಯ ಬಲವನ್ನು ಆಗ ಯಾರೂ ಸರಿಯಾಗಿ ಗುರುತಿಸಲಿಲ್ಲ. ಸಾಯಿಕುಮಾರ್ ಎಂದರೆ ಕನ್ನಡಿಗರಿಗೆ 1996ರ ‘ಪೊಲೀಸ್ ಸ್ಟೋರಿ’ಯ ಅಗ್ನಿ. ಖಾಕಿ, ಮೂರು ಸಿಂಹದ ಟೋಪಿ, ಗುಡುಗು. ಗಡಿಯ ಈ ಕಡೆಯವರಿಗೆ ಆ ದನಿ ಇನ್ನೂ ಹಳೆಯದು, ತೆಲುಗಿನಲ್ಲಿ ರಾಜಶೇಖರ್ ಅವರ ಪೊಲೀಸ್ ಪಾತ್ರಗಳಿಗೆ ದನಿ ಕೊಟ್ಟವರೂ ಅವರೇ. ಧರ್ಮಪುರದಂಥ ಊರಿನಲ್ಲಿ ಗಂಡಸುತನ ಎಂದರೆ ಏನು ಎಂದು ಹುಡುಗರು ಕಲಿತದ್ದರಲ್ಲಿ ಆ ದನಿಯ ಪಾಲೂ ಇದೆ. ಪೊಲೀಸರ ಕೈಗೆ ಮಂಗಳಮುಖಿಯರ ಪಟ್ಟಿ ಕೊಡುವ ಕಾಯ್ದೆ ಬಂದ ಬೆನ್ನಿಗೇ ತೆರೆಯ ಮೇಲಿನ ಅತಿ ಗಟ್ಟಿಯಾದ ಪೊಲೀಸ್ ದನಿ ಸೀರೆ ಉಟ್ಟು, ಕುಂಕುಮ ಇಟ್ಟು, ತನಗಾದ ಅನ್ಯಾಯ ಹೇಳತೊಡಗಿತು. ಯಾರೂ ಯೋಜಿಸಿ ಮಾಡಿದ್ದಲ್ಲ, ಕಾಲವೇ ಹಾಗೆ ಹೊಂದಿಸಿತು.

ಚಿತ್ರದ ಮೊದಲರ್ಧ ಹಳೆಯ ದಾರಿಯಲ್ಲೇ ನಡೆಯುತ್ತದೆ. ನಾಯಕನ ನಡಿಗೆ ಬದಲಾಗುತ್ತದೆ, ಹೆಂಗಸರ ಹಾಗೆ ಆಡತೊಡಗುತ್ತಾನೆ, ತಾಯಿ ಅತ್ತಿಗೆಯರು ಕಂಗಾಲಾಗುತ್ತಾರೆ. ಪ್ರೇಕ್ಷಕ ನಗಲೆಂದೇ ಇದನ್ನೆಲ್ಲ ಹೆಣೆದದ್ದು. ಹೆಣ್ಣಿಗ ಎಂದು ಹಂಗಿಸುವ ನಗೆ ಅದು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆಮೇಲೆ ಹಿಂದಿನ ಕಥೆ ಬರುತ್ತದೆ. ಅಷ್ಟು ಹೊತ್ತು ನಾವು ಯಾರನ್ನು ನೋಡಿ ನಕ್ಕೆವೋ ಅವಳ ಕಥೆ. ಮನೆಯಿಂದ ಹೊರಬಿದ್ದದ್ದು, ಸಾಕುಮಗಳ ಓದು, ಜಾಗ, ಕೊಲೆ. ನಗು ನಿಲ್ಲುತ್ತದೆ. ಕೊನೆಯಲ್ಲಿ ಕೊಲೆಗಾರ ದೇವಸ್ಥಾನದೊಳಗೆ ಓಡಿ ಅಡಗುತ್ತಾನೆ. ದೆವ್ವ ಒಳಗೆ ಬರಲಾರದು ಎಂಬುದು ನಮ್ಮ ಎಲ್ಲ ದೆವ್ವದ ಚಿತ್ರಗಳ ನಿಯಮ. ‘ನಾ ನಿನ್ನ ಬಿಡಲಾರೆ’ ನಿಂತಿದ್ದೇ ಈ ನಂಬಿಕೆಯ ಮೇಲೆ. ಇಲ್ಲಿ ಅವಳು ಹೊಸ್ತಿಲಲ್ಲಿ ನಿಂತು ದೇವರನ್ನೇ ಕೇಳುತ್ತಾಳೆ, ಅನ್ಯಾಯ ಮಾಡಿದವನಿಗೆ ನಿನ್ನ ಆಸರೆಯೋ, ನನಗೋ ಎಂದು. ದೇವರು ದಾರಿ ಬಿಡುತ್ತಾನೆ. ಜೋಗಪ್ಪಗಳ ಕೊಡಕ್ಕೆ ಅಕ್ಕಿ ಹಾಕಿ ಬೆಳೆದ ಪ್ರೇಕ್ಷಕನಿಗೆ ಈ ದೃಶ್ಯ ವಿಚಿತ್ರ ಅನಿಸಲಿಲ್ಲ. ಅವನ ಎಲ್ಲಮ್ಮ ಎಂದೋ ಕೊಟ್ಟ ಒಪ್ಪಿಗೆಯನ್ನು ಸಿನಿಮಾ ತಡವಾಗಿ ಕೊಟ್ಟಿತು.

ಇನ್ನೂ ಒಂದು ಮಾತಿದೆ. ಹಳೆಯ ಚಿತ್ರಗಳಲ್ಲಿ ದೆವ್ವ ಬಿಟ್ಟುಹೋದರೆ ಸುಖಾಂತ. ಈ ಕಥೆಯಲ್ಲಿ ಸೇಡು ತೀರಿದ ಮೇಲೂ ಅವಳು ನಾಯಕನ ಜೊತೆಗೇ ಉಳಿಯುತ್ತಾಳೆ, ಅವನಿಗೆ ಬಲವಾಗಿ. ಗಂಡಿನ ಮೈಯಲ್ಲಿ ಹೆಣ್ಣು ಇರಬಹುದು, ಇದ್ದರೆ ಅವನು ಕೆಡುವುದಿಲ್ಲ, ಗಟ್ಟಿಯಾಗುತ್ತಾನೆ ಎಂಬ ಮಾತನ್ನು ಇಷ್ಟು ಜೋರಾಗಿ ಹೇಳಿದ ಜನಪ್ರಿಯ ಚಿತ್ರ ಅದಕ್ಕೆ ಮುಂಚೆ ನಾನು ಕಂಡಿಲ್ಲ. ಹೇಳಿದ ರೀತಿ ಒರಟು. ಆದರೆ ಒರಟುತನದ ನೆಪದಲ್ಲಿ ಹೇಳಿದ್ದನ್ನೇ ಕೇಳದೆ ಹೋದದ್ದು ನಮ್ಮ ವಿಮರ್ಶೆಯ ದೊಡ್ಡ ತಪ್ಪು. ನಮ್ಮಲ್ಲಿ ಗಂಭೀರ ಚಿತ್ರ ಎಂದರೆ ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’. ದೆವ್ವದ ಚಿತ್ರ ಎಂದರೆ ಮಕ್ಕಳಾಟ. ಜನ ಹೆದರುವುದು ಯಾವುದಕ್ಕೆ ಎಂದು ಕೇಳದೆ ಜನರನ್ನು ಅರಿಯುವುದು ಹೇಗೆ?

ಅವಳಿಗೆ ಇಷ್ಟೆಲ್ಲ ಮರ್ಯಾದೆ ಸಿಕ್ಕಿದ್ದು ಸತ್ತ ಮೇಲೆ. ‘ಕಲ್ಪನ’ದ ಮಿತಿ ಅಲ್ಲಿದೆ. ಕೊಲೆಯಾದ ಮಂಗಳಮುಖಿಗೆ ಅಳಬಲ್ಲ ಪ್ರೇಕ್ಷಕ ಬಸ್‌ಸ್ಟ್ಯಾಂಡಿನಲ್ಲಿ ನಿಂತವಳಿಗೆ ಪಕ್ಕದ ಸೀಟು ಬಿಡಬೇಕಿತ್ತು. ಅದಕ್ಕೆ ಬೇರೆ ಥರದ ಚಿತ್ರವೇ ಬೇಕಿತ್ತು.

2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. ನಾಲ್ಕೇ ತಿಂಗಳಿಗೆ, 2014ರ ಏಪ್ರಿಲ್ 15ರಂದು, ಅದೇ ನ್ಯಾಯಾಲಯದ ಇನ್ನೊಂದು ಪೀಠ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಮೂರನೆಯ ಗುರುತನ್ನು ಒಪ್ಪಿತು. ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದರಲ್ಲಿ ಕೊಟ್ಟ ಆ ದಿನಗಳಲ್ಲಿಯೇ ‘ನಾನು ಅವನಲ್ಲ... ಅವಳು’ ಸಿದ್ಧವಾಯಿತು. ಮೂಲ ತಮಿಳಿನದು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ, ಕನ್ನಡಕ್ಕೆ ತಂದವರು ತಮಿಳ್ ಸೆಲ್ವಿ. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದವರು ವಿದ್ಯಾ. ಹೆಣ್ಣಾಗಿ ಬದುಕಲು ಹೊರಟ ಮೇಲೆ ಪುಣೆಯಲ್ಲಿ ರೈಲಿನಲ್ಲಿ ಕೈಚಾಚಿದವರು. ಲಿಂಗದೇವರು ಆಗಲೇ ‘ಮೌನಿ’, ‘ಕಾಡ ಬೆಳದಿಂಗಳು’ ಮಾಡಿದ್ದರು. ಅವರು ಈ ಬದುಕನ್ನು ಕನ್ನಡದ ಹಳ್ಳಿಗೆ ತಂದು, ಮಾದೇಶ ಎಂಬ ಹುಡುಗನಿಂದ ವಿದ್ಯಾ ಎಂಬ ಹೆಣ್ಣಿನವರೆಗಿನ ದಾರಿಯಾಗಿ ಬರೆದರು.

ಮಾದೇಶನಾಗಿ, ವಿದ್ಯಾ ಆಗಿ ನಟಿಸಿದವರು ಸಂಚಾರಿ ವಿಜಯ್. ನಮ್ಮ ಹೊಸದುರ್ಗಕ್ಕೆ ಹೊಂದಿಕೊಂಡ ಕಡೂರು ತಾಲ್ಲೂಕಿನ ಪಂಚನಹಳ್ಳಿಯವರು. ಬೆಂಗಳೂರಿನ ಸಂಚಾರಿ ರಂಗತಂಡದಿಂದ ಬಂದವರು, ಹೆಸರಿನ ಮುಂದೆ ಅದನ್ನೇ ಇಟ್ಟುಕೊಂಡವರು. ಈ ನಟನೆಯನ್ನು ಹತ್ತಿರದಿಂದ ನೋಡಬೇಕು. ಮಂಗಳಮುಖಿ ಪಾತ್ರ ಎಂದರೆ ಕೈ ತಿರುವುವುದು, ಕಣ್ಣು ಕುಣಿಸುವುದು ಎಂದುಕೊಂಡಿದ್ದ ತೆರೆಯ ಮೇಲೆ ಅವರು ಕೈಗಳನ್ನು ಎಳೆದು ಒಳಗಿಟ್ಟುಕೊಂಡರು. ಹುಡುಗನಾಗಿದ್ದಾಗ ಆ ಮೈ ಮುದುರಿಕೊಂಡಿರುತ್ತದೆ, ಯಾರಾದರೂ ನೋಡಿಯಾರು ಎಂಬ ಅಳುಕು ಭುಜದಲ್ಲಿ ಕಾಣುತ್ತದೆ. ಸೀರೆ ಉಟ್ಟ ಮೇಲೆ ಭುಜ ಸಡಿಲವಾಗುತ್ತದೆ. ಉಳಿದವರಿಗೆ ವೇಷ ಅನಿಸುವುದು ಅವಳಿಗೆ ವೇಷ ಕಳಚಿದ ನೆಮ್ಮದಿ. ಬಯಲಾಟದಲ್ಲಿ ಊರು ಎಂದೂ ಕೇಳದೆ ಬಿಟ್ಟ ಬೆಳಗಿನ ಪ್ರಶ್ನೆಗೆ ಇಲ್ಲಿ ಉತ್ತರ ಇತ್ತು.

2015ರ ಮಾರ್ಚಿನಲ್ಲಿ ರಾಷ್ಟ್ರಪ್ರಶಸ್ತಿ ಪ್ರಕಟವಾಯಿತು. ವಿಜಯ್ ಶ್ರೇಷ್ಠ ನಟ. ಕನ್ನಡ ಚಿತ್ರಕ್ಕೆ ಈ ಗೌರವ ತಂದವರಲ್ಲಿ ಅವರು ಮೂರನೆಯವರು. ಮೊದಲನೆಯವರು ‘ಚೋಮನ ದುಡಿ’ಯ ವಾಸುದೇವರಾವ್, ಎರಡನೆಯವರು ‘ತಬರನ ಕಥೆ’ಯ ಚಾರುಹಾಸನ್. ವಿಜಯ್ ಅವರಿಗೆ ಬಣ್ಣ ಹಚ್ಚಿದ ರಾಜು, ನಾಗರಾಜು ಅವರಿಗೂ ಪ್ರಶಸ್ತಿ ಬಂತು, ಅದು ಸಲ್ಲಬೇಕಾದ ಪ್ರಶಸ್ತಿ. ಗದ್ದದ ಗಡಸನ್ನು ಮರೆಮಾಚದೆ ಹೆಣ್ಣಿನ ಮುಖ ಮೂಡಿಸಿದ ಕೆಲಸ ಅದು. ಆದರೆ ಪ್ರಶಸ್ತಿಯ ಚಿತ್ರ ಹಳ್ಳಿಯ ಟಾಕೀಸಿಗೆ ಬರುವುದು ಕಷ್ಟ. ‘ಕಲ್ಪನ’ ತಲುಪಿದ ಎಷ್ಟೋ ಊರುಗಳಿಗೆ ಈ ಚಿತ್ರ ತಲುಪಿದ್ದು ಸುದ್ದಿಯಾಗಿ ಮಾತ್ರ.

ಆಮೇಲಿನ ವರ್ಷಗಳು ವೇಗವಾಗಿ ಓಡಿದವು. ಪೊಲೀಸ್ ಕಾಯ್ದೆಯ 36-ಎ ಕಲಮನ್ನು 2016ರಲ್ಲಿ ತಿದ್ದಿದರು. 2017ರಲ್ಲಿ ರಾಜ್ಯಕ್ಕೆ ಲಿಂಗತ್ವ ಅಲ್ಪಸಂಖ್ಯಾತರ ನೀತಿ ಬಂತು. 2018ರ ಸೆಪ್ಟೆಂಬರ್ 6ರಂದು, ಸಲಿಂಗ ಕಾಮವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಮಿನ ಕತ್ತಿ ಕೆಳಗಿಳಿಯಿತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ತೆಗೆದರು. ಅದೇ ವರ್ಷ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೌಕರಿಯಲ್ಲಿ ಶೇಕಡಾ 1ರ ಮೀಸಲಾತಿ ಬಂತು, ಇಡೀ ದೇಶದಲ್ಲಿ ಮೊದಲು ಕರ್ನಾಟಕದಲ್ಲಿ. ಆ ಆದೇಶಕ್ಕೆ ಕೆಲವೇ ವಾರ ಮುಂಚೆ, ಜೂನ್ ತಿಂಗಳಲ್ಲಿ, ಬೈಕ್ ಅಪಘಾತದಲ್ಲಿ ಪೆಟ್ಟಾಗಿ ಸಂಚಾರಿ ವಿಜಯ್ ತೀರಿಕೊಂಡರು. ಅಂಗಾಂಗಗಳನ್ನು ದಾನ ಮಾಡಿದರು ಮನೆಯವರು. ಪಂಚನಹಳ್ಳಿಯಲ್ಲಿ ಮಣ್ಣಾಯಿತು.

ವಿಜಯ್ ಅವರ ನಟನೆಯ ಬಗ್ಗೆ ನನಗಿರುವ ಗೌರವ ಎಳ್ಳಷ್ಟೂ ಕಡಿಮೆಯಾಗದೆ ಒಂದು ಮಾತು ಹೇಳಬೇಕಾಗಿದೆ. ದೆವ್ವವಾಗಿ ಬಂದವಳ ಪಾತ್ರ ಮಾಡಿದ್ದು ಗಂಡಸು, ಹೆಣ್ಣಾಗಿ ಬಂದವಳ ಪಾತ್ರ ಮಾಡಿದ್ದೂ ಗಂಡಸು. ಅತ್ತ, ಯಾರ ಆತ್ಮಕಥೆಯಿಂದ ಚಿತ್ರ ಹುಟ್ಟಿತೋ ಆ ಲಿವಿಂಗ್ ಸ್ಮೈಲ್ ವಿದ್ಯಾ ಸ್ವತಃ ರಂಗನಟಿ, ಗೆಳತಿ ಗೆಳೆಯರ ಜೊತೆ ಸೇರಿ ಚೆನ್ನೈಯಲ್ಲಿ ‘ಪನ್ಮೈ’ ಎಂಬ ನಾಟಕ ತಂಡ ಕಟ್ಟಿದವರು. ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಆಗಿ ಕನ್ನಡದ ರಂಗಕ್ಕೆ ಬಂತು. ಮುಂದೆ ತಮಿಳಿನಲ್ಲಿ ರೇವತಿ ತಾವೇ ರಂಗದ ಮೇಲೆ ನಿಂತು ತಮ್ಮ ಬದುಕನ್ನು ಅಭಿನಯಿಸಿದರು. ಮಂಜಮ್ಮ ಎಲ್ಲಮ್ಮನ ಆಟದಲ್ಲಿ ಬಣ್ಣ ಹಚ್ಚಿದ್ದು ಪದ್ಮಶ್ರೀ ಬರುವ ಎಷ್ಟೋ ವರ್ಷ ಮೊದಲು. ನಟಿಸಬಲ್ಲವರು ಇದ್ದಾರೆ, ಹಳ್ಳಿಯ ಅಟ್ಟದ ಮೇಲೂ ಇದ್ದಾರೆ. ವಿದ್ಯಾ ಅವರ ಪುಸ್ತಕದ ಉದ್ದಕ್ಕೂ ಇರುವ ಹಟ ಭಿಕ್ಷೆ ಬೇಡ, ಕೆಲಸ ಕೊಡಿ ಎಂಬುದು. ಸಿನಿಮಾದಲ್ಲಿ ಪಾತ್ರ ಮಾಡುವುದೂ ಕೆಲಸವೇ. ಕನ್ನಡ ಚಿತ್ರರಂಗದ ಗಾಂಧಿನಗರ ಆ ಕೆಲಸವನ್ನು ಅವರಿಗೆ ಕೊಡಲಿ, ದೆವ್ವದ ಚಿತ್ರವಾದರೂ ಸರಿ, ಪ್ರಶಸ್ತಿಯ ಚಿತ್ರವಾದರೂ ಸರಿ.